ಚಪ್ಪಲಿ ಬಿಟ್ಟು ಕಲಿತ ತಾಳ

"ಆ ಎರಡನೇ ಹಾಡು ಎಡವ್ತಾ ಐತೆ ಕಣೋ ಮಾರಾಯ, ನಿಲ್ಸು!"

ಗದರಿದವರು ಮದುಮಗಳ ಅಜ್ಜಿ. ಹಾನುಬಾಳಿನ ಅವರ ಕಾಫಿ ಒಣಗಿಸುವ ಕಣದಲ್ಲಿ ಸಂಜೆಯ ಔತಣಕ್ಕೆ ನಾನೇ ಡಿಜೆ. ಅದು ನನ್ನ ಮೊದಲ ಕಾರ್ಯಕ್ರಮ. ಹಲಗೆಯ ವೇದಿಕೆಯ ಮೇಲೆ ಮಧ್ಯಾಹ್ನದಿಂದ ತಾಲೀಮು ನಡೆಸಿದ್ದೆ. ಹಾಡು ನುಡಿಸಲು ಬಾಡಿಗೆಗೆ ತಂದ ಎರಡೂ ಸಿ.ಡಿ. ಡೆಕ್‌ಗಳು ಒಂದೇ ವೇಗದ ಅಂಕಿ ತೋರಿಸುತ್ತಿದ್ದವು. ಆದರೂ ಕುಣಿತ ನಡುವೆ ನಿಲ್ಲದಿರಲೆಂದು ಒಂದು ಹಾಡಿನ ಮೇಲೆ ಇನ್ನೊಂದನ್ನು ಬಿಟ್ಟೊಡನೆ ಬಡಿತಗಳು ಕಾದಾಡುತ್ತಿದ್ದವು. ಅಂಕಿ ಸರಿಯಾಗಿಯೇ ಇದೆ ಅಜ್ಜಿ, ಎಂದೆ.

"ಒಂದೇ ಒರಳಿಗೆ ಇಬ್ರು ನಿಂತು ಭತ್ತ ಕುಟ್ಟೋವಾಗ ನಮ್ಗೆ ಯಾವ ಅಂಕಿ ಇತ್ತು? ಕಾಲಿಗೇ ಗೊತ್ತಾಗೋದು. ತಪ್ಪಿದ್ರೆ ಒನಕೆಗೆ ಒನಕೆ ಬಡಿಯೋದು. ಮೊದ್ಲು ಚಪ್ಪಲಿ ಬುಡು."

ಬಿಟ್ಟೆ. ನಡೆಯುತ್ತಿದ್ದ ಹಾಡಿನ ಗುದ್ದು ಹಲಗೆಯಿಂದ ಅಂಗಾಲಿಗೆ ಹತ್ತಿತು. ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಷ್ಟೇ ಕೇಳುತ್ತಾ, ಅದರ ಮೊದಲ ಬಡಿತದಲ್ಲಿ ತಡೆದು ಹಿಡಿದೆ. ಅಂಗಾಲು ನಾಲ್ಕು ಬಡಿತ ಎಣಿಸಿದಾಗ ಓಡಲು ಬಿಟ್ಟೆ. ಕೂದಲೆಳೆಯಷ್ಟು ಮುಂದೋಡಿತು, ಡೆಕ್ಕಿನ ಚಕ್ರವನ್ನು ಬೆರಳಿನಿಂದ ಸವರಿ ನಿಧಾನಿಸಿದೆ. ಎರಡೂ ಒಂದಾದವು. ಆಮೇಲಷ್ಟೇ ಅದನ್ನು ಸ್ಪೀಕರಿಗೆ ಕೊಟ್ಟೆ. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಒನಕೆಯನ್ನು ಎತ್ತಿ ಕಣದ ನಡುವೆ ಕುಟ್ಟತೊಡಗಿದರು!

ಇಂದಿಗೂ ನಾನು ಚಪ್ಪಲಿ ಕಳಚಿಯೇ ಡೆಕ್ ಮುಟ್ಟುವುದು. ನೋಡಿದವರು ಎಂಥಾ ಭಕ್ತಿ ಎಂದು ಮೆಚ್ಚುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ನನ್ನ ಒಂದು ಕಿವಿ ಅಂಗಾಲಿನಲ್ಲಿದೆ ಎಂದರೆ ಯಾರು ನಂಬುತ್ತಾರೆ?