ಕಾಟಮ್ಮನ ಕಾಲಿನ ಕಂಬಿ

ಸಿದ್ದಾಪುರದಿಂದ ಒಂದು ಮೈಲಿ ಆಚೆ, ಬೆಟ್ಟದ ಗುಂಡುಗಳ ನಡುವೆ ಒಂದು ಕಲ್ಲಿನ ಕೋಣೆ. ಅದರಲ್ಲಿ ಒಂದು ಮೊಳೆಯೂ ಕಬ್ಬಿಣದ್ದಲ್ಲ. ಬಾಗಿಲಿನ ಕೀಲು ಹಿತ್ತಾಳೆಯದು, ಅಗುಳಿ ಮರದ್ದು. ಒಳಗೆ ನೆಲದ ಗುಂಡಿಯೊಂದರಲ್ಲಿ ಭೂಮಿಯ ಕಾಂತಬಲ ಅಳೆಯುವ ಯಂತ್ರ. ಹನ್ನೊಂದು ವರ್ಷದಿಂದ ಅದನ್ನು ಕಾಯುತ್ತಿದ್ದವಳು ಕಾಟಮ್ಮ.

ಗಂಡ ದೊಡ್ಡೀರಪ್ಪ ತೀರಿಕೊಂಡ ಮೇಲೆ ಅವನ ಆ ಕೆಲಸ ಇವಳ ಕೈಗೆ ಬಂತು. ಕಬ್ಬಿಣ ಹತ್ತಿರ ಸುಳಿದರೆ ಯಂತ್ರದ ಲೆಕ್ಕ ತಪ್ಪುತ್ತದೆ ಎಂದು ಅದನ್ನು ಇಟ್ಟ ಬೆಂಗಳೂರಿನ ಸಂಸ್ಥೆಯವರು ಹೇಳಿದ್ದರು. ಅವತ್ತಿನಿಂದ ಕಾಟಮ್ಮ ಸೀರೆಗೆ ಪಿನ್ನು ಚುಚ್ಚುವುದು ಬಿಟ್ಟಳು, ತಲೆಗೆ ಹೇರ್‌ಪಿನ್ನು ಸಿಕ್ಕಿಸುವುದು ಬಿಟ್ಟಳು. ಕಸಪೊರಕೆಯನ್ನೂ ತಂತಿ ಬಿಚ್ಚಿ ತೆಂಗಿನ ಹಗ್ಗದಲ್ಲಿ ಕಟ್ಟಿಕೊಂಡಳು. ಕುರಿ ಕಾಯುವವರು ಕೊಡಲಿ ಹಿಡಿದು ಆ ಕಡೆ ಬಂದರೆ ದೂರದಿಂದಲೇ ತಡೆಯುವಳು. "ನಮ್ಮ ಗುಡಿಗಿಂತ ನಿನ್ನ ಗುಡಿಗೇ ಮಡಿ ಜಾಸ್ತಿ ಬಿಡವ್ವ" ಎಂದು ಅವರು ನಗುತ್ತಿದ್ದರು.

ಕೋಣೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಒಂದು ಶೆಡ್ಡು. ಅಲ್ಲೊಂದು ಪುಟ್ಟ ಪರದೆ, ಅದರ ಮೇಲೆ ಯಂತ್ರ ಅಳೆದ ಹಿಂದಿನ ಒಂದು ತಾಸಿನ ಲೆಕ್ಕ, ಮೂರು ಗೆರೆಗಳಾಗಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕಾಟಮ್ಮನಿಗೆ ಆ ಗೆರೆಗಳ ಗುಣ ಚೆನ್ನಾಗಿ ಗೊತ್ತಿತ್ತು. ಕೆಲವು ದಿನ ಅವು ಸುಮ್ಮನೆ ಹರಿಯುತ್ತಿದ್ದವು. ಕೆಲವು ದಿನ, ನೊಣ ಕೂತ ಎತ್ತಿನ ಚರ್ಮ ಅದುರಿದ ಹಾಗೆ, ಒಂದೇ ಲಯದಲ್ಲಿ ಅದುರುತ್ತಿದ್ದವು. ಮೂರು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುವ ವಿಜ್ಞಾನಿ ಹನುಮಂತರಾಜು ಅವರನ್ನು ಅವಳು ಒಮ್ಮೆ ಕೇಳಿದ್ದಳು, ಇದು ಯಾಕೆ ಹಿಂಗೆ ಅಂತ.

ಅವರು ಬಂಡೆ ಮೇಲೆ ಕೂತು ಹೇಳಿದ್ದರು: "ಸೂರ್ಯನಿಂದ ಒಂದು ಥರ ಗಾಳಿ ಬೀಸ್ತಾ ಇರುತ್ತೆ ಕಾಟಮ್ಮ. ಅದು ಬಡಿದಾಗ ಭೂಮಿ ಸುತ್ತಲಿನ ಕಾಂತದ ಎಳೆಗಳು ತಂಬೂರಿ ತಂತಿ ಹಾಗೆ ಮಿಡಿಯುತ್ತವೆ. ಆ ಎಳೆಗಳು ಉತ್ತರದ ತುದಿಯಲ್ಲಿ ನೆಲಕ್ಕೆ ಇಳಿಯೋ ಕಡೆ ಆಕಾಶಕ್ಕೇ ಬೆಳಕು ಹತ್ತುತ್ತೆ. ಹಸಿರು, ಕೆಂಪು. ಒಂದೊಂದ್ಸಲ ಆ ಬೆಳಕೂ ಹತ್ತಿ ಆರಿ ಮಿಡಿಯುತ್ತೆ. ಅಲ್ಲಿಯ ಬೆಳಕಿಗೂ ಇಲ್ಲಿ ನಿಮ್ಮ ಗೆರೆಯ ನಡುಕಕ್ಕೂ ಬೇರು ಒಂದೇ."

ಆ ಮಾತು ಅವಳಲ್ಲಿ ಉಳಿದುಬಿಟ್ಟಿತು. ಗೆರೆ ಅದುರಿದ ದಿನ ಮಗಳು ನಾಗರತ್ನಳಿಗೆ, "ಇವತ್ತು ಎಲ್ಲೋ ಬೆಳಕು ಬಂದೈತೆ ಕಣೆ" ಎನ್ನುವಳು. ತಾನು ಕಾಣದ ಆ ಬೆಳಕಿನಲ್ಲಿ ತನಗೂ ಒಂದು ಪಾಲು ಇದೆ ಎಂಬಂತೆ.

ಎರಡು ಸಾವಿರದ ಇಪ್ಪತ್ನಾಲ್ಕರ ಜನವರಿಯಲ್ಲಿ ದೇವಸಮುದ್ರದ ತಿರುವಿನಲ್ಲಿ ಅವಳು ಕೂತಿದ್ದ ಆಟೊ ಮಗುಚಿತು. ಬಲತೊಡೆಯ ಮೂಳೆ ಮುರಿಯಿತು. ಚಳ್ಳಕೆರೆಯ ಆಸ್ಪತ್ರೆಯೊಂದರಲ್ಲಿ ಒಳಗೆ ಉದ್ದದ ಸ್ಟೀಲ್ ಕಂಬಿ ಹಾಕಿ ಕೂಡಿಸಿದರು. ಊರಿಗೆ ಬಂದ ವಾರಕ್ಕೆ ಸಂಸ್ಥೆಯ ಕಚೇರಿಯಿಂದ ಯಾರೋ ಫೋನ್ ಮಾಡಿದರು.

"ಮೈಯೊಳಗೆ ಕಬ್ಬಿಣ ಇಟ್ಕೊಂಡು ನೀವು ಇನ್ಮೇಲೆ ಕೋಣೆಗೆ ಹೋಗಬಾರದು. ಮಗಳಿದ್ದಾಳಲ್ಲ, ಸದ್ಯಕ್ಕೆ ಅವಳು ನೋಡ್ಕೊಳ್ಳಲಿ."

ಹನ್ನೊಂದು ವರ್ಷ ಕಾಟಮ್ಮ ಯಾವ ಕಬ್ಬಿಣವನ್ನು ಓಡಿಸಿದ್ದಳೋ, ಈಗ ಅವಳೇ ಆ ಕಬ್ಬಿಣವಾಗಿದ್ದಳು. ಆದರೂ ದಿನಾ ಊರುಗೋಲು ಊರಿಕೊಂಡು ಮಗಳ ಹಿಂದೆ ನಡೆದು, ಶೆಡ್ಡಿನ ಹತ್ತಿರ ಕೂರುತ್ತಿದ್ದಳು. ನಾಗರತ್ನ ಗುಡಿಸುವ ಸದ್ದಿಗೆ ಕಿವಿಗೊಟ್ಟು, ಮೂಲೆ ಬಿಟ್ಟಳು, ಮತ್ತೆ ಮೂಲೆ ಬಿಟ್ಟಳು ಎಂದು ಒಳಗೊಳಗೇ ಬೇಯುತ್ತಿದ್ದಳು.

ಮೇ ಹತ್ತನೇ ತಾರೀಕು, ಶುಕ್ರವಾರ ಸಂಜೆ ಬಿರುಗಾಳಿ ಮಳೆ ಬಂತು. ಮರುದಿನ ಬೆಳಿಗ್ಗೆ ನಾಗರತ್ನ ಮೊದಲ ಬಸ್ಸಿಗೇ ಚಳ್ಳಕೆರೆಗೆ ಹೋಗಿದ್ದಳು, ಹೊಲಿಗೆ ತರಬೇತಿಯ ಪರೀಕ್ಷೆಗೆ. ಕಾಟಮ್ಮ ಒಬ್ಬಳೇ ಬೆಟ್ಟಕ್ಕೆ ಬಂದಾಗ ಕೋಣೆಯ ಬಾಗಿಲು ಹಾರುಹೊಡೆದಿತ್ತು. ನೆಲದಲ್ಲಿ ನಿಂತ ನೀರು ಗುಂಡಿಯ ಅಂಚಿಗೆ ಎರಡು ಬೆರಳು ದೂರವಿತ್ತು. ಇಳಿಜಾರಿನಿಂದ ಇನ್ನೂ ಹರಿದು ಬರುತ್ತಿತ್ತು. ಮಗಳು ಫೋನ್ ಎತ್ತಲಿಲ್ಲ. ಹನುಮಂತರಾಜು ಅವರೂ ಎತ್ತಲಿಲ್ಲ. ಹೊಸ್ತಿಲಲ್ಲಿ ನಿಂತಷ್ಟು ಹೊತ್ತು ನೀರು ಮುಂದೆ ಸರಿಯುತ್ತಲೇ ಇತ್ತು.

ಫೋನು, ಕೋಲು ದೂರ ಎಸೆದು ಅವಳು ಒಳಗೆ ಹೋದಳು.

ಮೊಣಕಾಲೂರಿ ಸೆರಗಿನಲ್ಲಿ ನೀರು ಹೀರಿ, ಹೊರಗೆ ಹಿಂಡಿ, ಮತ್ತೆ ತೆವಳಿ ಬಂದಳು. ತೊಡೆಯೊಳಗೆ ಏನೋ ಕಳಕ್ ಅಂದಿತು. ಹಲ್ಲು ಕಚ್ಚಿಕೊಂಡು ನೆಲ ಒಣಗಿಸಿ, ಬಾಗಿಲು ಭದ್ರಮಾಡಿ, ಶೆಡ್ಡಿಗೆ ಬರುವಷ್ಟರಲ್ಲಿ ಒಂದು ತಾಸಿನ ಮೇಲಾಗಿತ್ತು.

ಪರದೆ ನೋಡಿ ಅವಳ ಜೀವ ಬಾಯಿಗೆ ಬಂತು. ಮೂರು ಗೆರೆಗಳೂ ಹುಚ್ಚು ಹಿಡಿದಂತೆ ಮೇಲೆ ಕೆಳಗೆ ಬಡಿದುಕೊಳ್ಳುತ್ತಿದ್ದವು. ಇಷ್ಟು ವರ್ಷದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ತಾನು ಹೊರಗೆ ಬಂದಾಗಿದೆ, ಈಗ ನಿಲ್ಲುತ್ತದೆ ಎಂದು ಕಾದಳು. ಅರ್ಧ ತಾಸು, ಮುಕ್ಕಾಲು ತಾಸು ಕಾದಳು. ನಿಲ್ಲಲಿಲ್ಲ. ತನ್ನ ಕಾಲು ಯಂತ್ರವನ್ನು ಶಾಶ್ವತವಾಗಿ ಕೆಡಿಸಿತು ಎಂದುಕೊಂಡಳು. ಯಂತ್ರದ ಲೆಕ್ಕ ತುಂಬಿಕೊಳ್ಳುವ ಮೆಮೊರಿ ಕಾರ್ಡನ್ನು ಕಿತ್ತು ಬಾವಿಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂತು. ಕೈ ಚಾಚಿದಳು ಕೂಡ. ಗಂಡ ಆ ಪರದೆಯನ್ನು ದಿನಾ ಒರೆಸುತ್ತಿದ್ದುದು ನೆನಪಾಗಿ ಕೈ ಹಿಂದೆಗೆದಳು.

ಮಧ್ಯಾಹ್ನದ ಬಸ್ಸಿನಲ್ಲಿ ನಿಂತುಕೊಂಡೇ ಚಳ್ಳಕೆರೆಗೆ ಹೋದಳು. ಪರೀಕ್ಷೆ ಮುಗಿಸಿ, ಅವ್ವನ ಮಿಸ್ಡ್ ಕಾಲ್ ಕಂಡು, ತಿರುಗಿ ಫೋನ್ ಮಾಡಿ ಎಲ್ಲಿದ್ದಾಳೆಂದು ಕೇಳಿಕೊಂಡ ನಾಗರತ್ನ ಆಸ್ಪತ್ರೆಗೆ ಓಡಿಬಂದಾಗ ಅವ್ವ ಡಾಕ್ಟರ ಮೇಜಿನ ಅಂಚು ಹಿಡಿದು ನಿಂತಿದ್ದಳು.

"ಈ ಕಂಬಿ ತೆಗೆದುಬಿಡ್ರಿ ಸಾರ್."

"ಮೂಳೆ ಇನ್ನೂ ಕೂಡಿಲ್ಲಮ್ಮ. ಈಗ ತೆಗೆದರೆ ನಡೆಯೋಕಾಗಲ್ಲ."

"ನಡೀದಿದ್ರೆ ತೆವಳ್ತೀನಿ. ಇದು ಇದ್ರೆ ನಾನು ಆ ಬಾಗ್ಲಾಗೆ ಹೋಗಂಗಿಲ್ಲ. ಹೋಗಿದ್ದಕ್ಕೆ ಎಲ್ಲಾ ಹಾಳಾತು."

"ಏನವ್ವ ಇದು, ಏನಾತು?" ಎಂದು ನಾಗರತ್ನ ತೋಳು ಹಿಡಿದಳು. ಕಾಟಮ್ಮ ಅವಳ ಕಡೆ ನೋಡಲೂ ಇಲ್ಲ. ಡಾಕ್ಟರು ಮಾತು ಬಿಟ್ಟು ಎಕ್ಸ್‌ರೇ ಮಾಡಿಸಿದರು. ಕೂಡುತ್ತಿದ್ದ ಮೂಳೆ ಬೆಳಗಿನ ತೆವಳಾಟಕ್ಕೆ ಸರಿದಿತ್ತು. ಕಾಲು ಸ್ವಲ್ಪ ಗಿಡ್ಡವಾಗಿಯೇ ಉಳಿಯಬಹುದು ಎಂದರು.

ಮನೆಗೆ ಕರೆತಂದ ಮೇಲೆ ಎರಡು ದಿನ ಅವಳು ಅನ್ನ ಮುಟ್ಟಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದಳು. ಸೋಮವಾರ ಹನುಮಂತರಾಜು ತಾವಾಗಿಯೇ ಬಂದರು. ಅವರ ಕಾರಿನ ಸದ್ದು ಕೇಳಿ, ಕೆಲಸದಿಂದ ಬಿಡಿಸಲಿಕ್ಕೇ ಬಂದರು ಎಂದುಕೊಂಡು ಕಾಟಮ್ಮ ಗೋಡೆ ಹಿಡಿದು ಎದ್ದು ಕೂತಳು.

"ತಪ್ಪಾತು ಸಾರ್. ನಾನೇ ಒಳಗೆ ಹೋಗಿದ್ದೆ. ಮಗಳದೇನೂ ಇಲ್ಲ." ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ಅವರು ಲ್ಯಾಪ್‌ಟಾಪ್ ತೆರೆದು, ಶೆಡ್ಡಿನ ಕಾರ್ಡಿನಿಂದ ಇಳಿಸಿಕೊಂಡು ಬಂದಿದ್ದ ಗೆರೆ ತೋರಿಸಿದರು. "ಇಲ್ಲಿ ನೋಡಿ. ಇದು ಶುರುವಾಗಿದ್ದು ಶುಕ್ರವಾರ ರಾತ್ರಿ ಹತ್ತೂವರೆಗೆ. ಆಗ ನೀವೆಲ್ಲಿದ್ರಿ?"

"ಮನ್ಯಾಗೆ. ಮಲಗಿದ್ದೆ."

"ಪ್ರಪಂಚದ ಎಲ್ಲಾ ಯಂತ್ರಗಳೂ ಅದೇ ನಿಮಿಷಕ್ಕೆ ಹೀಗೇ ಕುಣಿದಿವೆ. ಇಪ್ಪತ್ತು ವರ್ಷದಲ್ಲಿ ಇಷ್ಟು ದೊಡ್ಡ ಬಿರುಗಾಳಿ ಸೂರ್ಯನಿಂದ ಬಂದಿರಲಿಲ್ಲ." ಆಮೇಲೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಲಡಾಖಿನ ಬೆಟ್ಟಗಳ ಮೇಲೆ ಆಕಾಶ ಕುಂಕುಮ ಚೆಲ್ಲಿದಂತೆ ಕೆಂಪಾಗಿತ್ತು. "ನಾನು ಅವತ್ತು ಹೇಳಿದ್ದೆನಲ್ಲ, ಆ ಬೆಳಕು. ನಮ್ಮ ದೇಶದವರೆಗೂ ಬಂದಿತ್ತು."

ಕಾಟಮ್ಮ ಚಿತ್ರ ನೋಡಿದಳು. "ಮತ್ತೆ ಈ ಕಂಬಿ?"

ಹನುಮಂತರಾಜು ಚೀಲದಿಂದ ದಿಕ್ಸೂಚಿ ತೆಗೆದು ಅವಳ ತೊಡೆಯ ಪಕ್ಕದಲ್ಲಿ ಆಡಿಸಿದರು. ಮುಳ್ಳು ಅಲುಗಲಿಲ್ಲ. ಮೂಳೆಗೆ ಹಾಕುವ ಸ್ಟೀಲು ಬೇರೆ ಜಾತಿಯದು, ಕಾಂತಕ್ಕೆ ಅಂಟುವುದಿಲ್ಲ, ಕಚೇರಿಯವರಿಗೆ ಅದು ತಿಳಿದಿರಲಿಲ್ಲ ಎಂದರು. ಹೇಳುತ್ತ ಹೇಳುತ್ತ ಅವರ ದನಿ ಕುಗ್ಗಿತು.

ಕಾಟಮ್ಮ ದಿಕ್ಸೂಚಿಯನ್ನು ತನ್ನ ಕೈಗೆ ತೆಗೆದುಕೊಂಡಳು. "ಈ ಮುಳ್ಳನ್ನ ಜನವರಿಯಾಗೇ ಹಿಡಿದು ನೋಡಬೋದಿತ್ತಲ್ಲ ಸಾರ್. ನಾಕು ತಿಂಗ್ಳು ನಾನು ಹೊರಗೆ ಕುಂತೆ."

ಒಳಬಾಗಿಲಲ್ಲಿ ನಿಂತಿದ್ದ ನಾಗರತ್ನ ತಲೆ ತಗ್ಗಿಸಿದಳು.

ಎರಡು ತಿಂಗಳ ಮೇಲೆ ಕಾಟಮ್ಮ ಮತ್ತೆ ಕೋಣೆಗೆ ಹೋಗತೊಡಗಿದಳು. ಬಲಗಾಲು ಒಂದು ಅಂಗುಲ ಗಿಡ್ಡವಾಗಿದೆ, ನಡೆದರೆ ಮೈ ಒಂದು ಕಡೆ ವಾಲುತ್ತದೆ. ಕುರಿ ಕಾಯುವವರು ಈಗ ತಮಾಷೆ ಮಾಡುವುದಿಲ್ಲ. ಮೊದಲ ದಿನ ಒಳಗೆ ಹೋದವಳು ಗುಡಿಸಲಿಲ್ಲ. ಗುಂಡಿಯ ಪಕ್ಕ ಕೂತು, ಮಗಳು ಬಂದು ಕರೆಯುವವರೆಗೂ ಅತ್ತಳು.