ಒಳಜೇಬು ಬಿಟ್ಟ ಜಾಕೆಟ್ಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಾಕೆಟ್ಟು ಹೊಲಿಯುವ ಕಾರ್ಖಾನೆಯ ಉದ್ದನೆಯ ಹಾಲ್‌ನಲ್ಲಿ ಒಂದೇ ದೀಪ ಉರಿಯುತ್ತಿದೆ, ಅದರಡಿ ಒಂದೇ ಮಿಷಿನ್ ಓಡುತ್ತಿದೆ. ಅಲ್ಲಿ ಕೂತವರನ್ನು ಎಲ್ಲರೂ ಕರೆಯುವುದು ‘ಸ್ಯಾಂಪಲ್ ಅಕ್ಕ’ ಎಂದು. ಹೊರದೇಶದ ಅಂಗಡಿಯವರು ಮುಟ್ಟಿ, ಎಳೆದು, ಬೆಲೆ ಕಟ್ಟುವ ಮೊದಲ ಜಾಕೆಟ್ಟನ್ನು ಹೊಲಿಯುವವರು ಇವರು. ಅದು ಒಪ್ಪಿಗೆಯಾದರೆ ಮಾತ್ರ ಉಳಿದ ಮಿಷಿನ್‌ಗಳಿಗೆ ಕೆಲಸ.

ಇವತ್ತು ಮೇಜಿನ ಮೇಲೆ ಎರಡು ಜಾಕೆಟ್ಟುಗಳಿವೆ. ಒಂದಕ್ಕೆ ಒಳಜೇಬಿದೆ, ಇನ್ನೊಂದಕ್ಕೆ ಇಲ್ಲ.

ಕಾರಣ ಡಾಲರ್. ಕೆಲವು ತಿಂಗಳಿಂದ ಅದರೆದುರು ಇಲ್ಲಿನ ಹಣ ಬಲಗೊಳ್ಳುತ್ತಿದೆ. ಕೊಳ್ಳುವವರು ಕೊಡುವ ಡಾಲರ್ ಹಿಂದಿನಷ್ಟೇ; ಬದಲಿಸಿದಾಗ ಕೈಗೆ ಬರುವುದು ಮಾತ್ರ ಕಡಿಮೆ. ಕೂಲಿ, ಕರೆಂಟು, ಬಾಡಿಗೆ ಎಲ್ಲವೂ ಇಲ್ಲಿನ ಹಣದಲ್ಲಿ. ಬೆಲೆ ಏರಿಸಿದರೆ ಆರ್ಡರ್ ಬೇರೆ ದೇಶದ ಪಾಲು. ಆದ್ದರಿಂದ ಖರ್ಚು ಇಳಿಸಲು ಮ್ಯಾನೇಜರ್ ಒಳಜೇಬಿನ ಮೇಲೆ ಕಣ್ಣು ಹಾಕಿದ್ದಾರೆ. ಜೇಬಿದ್ದರೆ ಬೆಲೆ ಹೆಚ್ಚು, ಇಲ್ಲದಿದ್ದರೆ ಹಳೆಯ ಬೆಲೆ; ಆರಿಸುವುದು ಕೊಳ್ಳುವವರು.

ಆ ಜೇಬು ಹೊಲಿಯುವ ಸಾಲಿನಲ್ಲಿ ಅಕ್ಕನ ನಾದಿನಿ ಇದ್ದಾಳೆ. ದಿನಕ್ಕೆ ಇನ್ನೂರು ಜೇಬು, ಜೇಬಿಗಿಷ್ಟು ಎಂದು ಕೂಲಿ. ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಅಕ್ಕನ ಗಂಡ ಏಣಿಯಿಂದ ಬಿದ್ದು ಮೂಲೆ ಹಿಡಿದ ವರ್ಷ, ದಾರ ಕತ್ತರಿಸುವ ಕೆಲಸದಲ್ಲಿದ್ದ ಅತ್ತಿಗೆಗೆ ಮಿಷಿನ್ ಕಲಿಸಿದವಳು ಇದೇ ನಾದಿನಿ, ಊಟದ ಬಿಡುವಿನಲ್ಲಿ.

“ಅತ್ತಿಗೆ, ಜೇಬಿಲ್ಲದ್ದನ್ನ ಒಂಚೂರು ಸೊಟ್ಟ ಹೊಲಿದ್ಬಿಡಿ,” ಕೆಲಸಕ್ಕೆ ಬಂದ ನಾದಿನಿ ಭುಜದ ಮೇಲಿಂದ ಬಗ್ಗಿ ಹೇಳುತ್ತಾಳೆ. “ಆಗ ಅವ್ರು ಜೇಬಿರೋದನ್ನೇ ಆರಿಸ್ಕೋತಾರೆ.”

“ಸೊಟ್ಟ ಹೊಲಿದ್ರೆ ಎರಡನ್ನೂ ವಾಪಸ್ ಎಸೀತಾರೆ ಕಣೇ. ಆಮೇಲೆ ನಿನ್ನ ಸಾಲಲ್ಲ, ಇಡೀ ಹಾಲೇ ಮನೆಗೆ.”

“ಹೋದ್ವರ್ಷ ನಮ್ಮ ದುಡ್ಡು ಬಿದ್ದಿದ್ದಾಗ ಓವರ್‌ಟೈಮ್ ಮೇಲೆ ಓವರ್‌ಟೈಮ್. ಆದ್ರೆ ಹೊರದೇಶದಿಂದ ಬರೋ ಅಡುಗೆ ಎಣ್ಣೆ ಮುಟ್ಟೋ ಹಾಗಿರ್ಲಿಲ್ಲ. ಈಗ ಎಣ್ಣೆ ಇಳೀತು, ನನ್ನ ಜೇಬೂ ಹೋಗೋ ಹಾಗಿದೆ. ಈ ದುಡ್ಡು ಮಲಗ್ಲಿ ಅಂತ ಬೇಡ್ಕೊಳ್ಲಾ, ಏಳ್ಲಿ ಅಂತ ಬೇಡ್ಕೊಳ್ಲಾ?”

ಅಕ್ಕ ನಗುತ್ತಾರೆ, ಆದರೆ ಹೊಲಿಗೆಯಿಂದ ಕಣ್ಣು ತೆಗೆಯುವುದಿಲ್ಲ. ಎರಡೂ ಜಾಕೆಟ್ಟುಗಳ ಅಂಚು ಒಂದೇ ನೇರಕ್ಕೆ ಮುಗಿಯುತ್ತದೆ.

ಮರುವಾರ ಉತ್ತರ ಬರುತ್ತದೆ: ಜೇಬಿಲ್ಲದ್ದೇ ಸಾಕು, ಹೊಲಿಗೆ ಚೆನ್ನಾಗಿದೆ. ಆರ್ಡರ್ ಉಳಿಯುತ್ತದೆ. ಜೇಬಿನ ಸಾಲಿನ ಮಿಷಿನ್‌ಗಳಿಗೆ ಮುಸುಕು ಬೀಳುತ್ತದೆ. ನಾದಿನಿಗೆ ಸಿಗುವುದು ದಾರ ಕತ್ತರಿಸುವ ಮೇಜು, ಹಿಂದಿನದರ ಅರ್ಧ ಕೂಲಿ.

“ಅಷ್ಟು ಚೆನ್ನಾಗಿ ಹೊಲೀಬೇಕಿತ್ತಾ ಅತ್ತಿಗೆ?” ಎಂದು ಒಂದೇ ಸಲ ಕೇಳುತ್ತಾಳೆ.

ಅಕ್ಕನ ಮಿಷಿನ್ ಪಕ್ಕದ ಮೊಳೆಗೆ ಒಳಜೇಬಿನ ರಟ್ಟಿನ ಅಚ್ಚು ಇನ್ನೂ ತೂಗುತ್ತಿದೆ. ಯಾಕೆ ಎಂದು ಕೇಳಿದರೆ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಾರೆ:

“ಬಿಸಾಕು ಅಂದ್ರು. ನಾನು ಬಿಸಾಕಿಲ್ಲ. ಅವ್ರು ಮತ್ತೆ ಜೇಬು ಕೇಳೋ ದಿನ ಬರುತ್ತೆ. ಆವತ್ತಿನ ಸ್ಯಾಂಪಲ್ಲಿಗೆ ಜೇಬು ನಾನು ಹೊಲಿಯಲ್ಲ, ಅವಳ ಕೈಲೇ ಹೊಲಿಸ್ತೀನಿ.”