ಅಂಗಡಿಯಾಕೆ ಮಾರದ ಟೆಲಿಕನ್ವರ್ಟರ್

ಹನಗೋಡಿನ ಹೊಳೆಯಲ್ಲಿ ಮರಳು ಕದಿಯುವ ಟ್ರ್ಯಾಕ್ಟರಿನ ನಂಬರು ನನ್ನ ಸಾದಾ ಜೂಮ್ ಲೆನ್ಸಿಗೆ ಸಿಗುತ್ತಿರಲಿಲ್ಲ. ಧರಣಿ ಕೂತು ಎಷ್ಟೇ ಘೋಷಣೆ ಕೂಗಿದರೂ ನಂಬರು ಕಾಣದ ಫೋಟೋವನ್ನು ಅಧಿಕಾರಿಗಳು ಮೂಸಿಯೂ ನೋಡುವುದಿಲ್ಲ. ಟೆಲಿಕನ್ವರ್ಟರ್ ಸಿಕ್ಕಿಸಿದರೆ ದೂರದ್ದು ಹತ್ತಿರವಾಗುತ್ತದೆಂದು ಕೇಳಿ ಹುಣಸೂರಿನ ಕ್ಯಾಮೆರಾ ಅಂಗಡಿಗೆ ಹೋಗಿ ವಿಷಯವೆಲ್ಲ ಹೇಳಿದೆ.

ಅಂಗಡಿಯಾಕೆ ಅದನ್ನು ನನ್ನ ಲೆನ್ಸಿನ ಹಿಂದೆ ಹಾಕಿ ತೋರಿಸಿದರು. ಚಿತ್ರ ಮಂಕಾಯಿತು, ಫೋಕಸ್ ಕೂರಲಿಲ್ಲ.

"ನಿಮ್ ಲೆನ್ಸಿಗೆ ಇದು ಬ್ಯಾಡ ಕಣ್ರೀ. ಬೆಳಕೆಲ್ಲ ತಿಂದಾಕ್ತದೆ."

"ಮರಳಿನೋರು ನಿಮಗೇನು ನೆಂಟರಾ?" ಎಂದು ರೇಗಿದೆ.

"ನಮ್ಮಣ್ಣನ ಮನೆ ಆ ಹೊಳೆ ಪಕ್ಕನೇ ಐತೆ. ಫೋನ್ ಮಾಡ್ತೀನಿ, ತಾರಸಿ ಮೇಲಿಂದ ತೆಗೀರಿ. ಈ ರೇಗಾಟ ಮಾತ್ರ ಇಲ್ಲೇ ಬುಟ್ಟು ಹೋಗಿ."

ಮರಳಿನವರಿಗೆ ಹೆದರದೆ ನನಗೆ ಜಾಗ ಕೊಟ್ಟವರು ಆ ಅಣ್ಣ ತಂಗಿ ಇಬ್ಬರೇ. ಅವರ ತಾರಸಿಯಿಂದ ನನ್ನ ಸಾದಾ ಲೆನ್ಸಿಗೇ ನಂಬರು ಸ್ಪಷ್ಟವಾಗಿ ಬಂತು. ಅಂಗಡಿಗೆ ಹೋಗಿ ಕೃತಜ್ಞತೆ ಹೇಳಿದೆ. ಘೋಷಣೆ ಕೂಗುವ ದನಿಯಲ್ಲೇ ಹೇಳಿದೆನೋ ಏನೋ, ಬೀದಿಯವರೆಲ್ಲ ಜಗಳವೆಂದು ಓಡಿಬಂದರು.